ಮಹಾಮಾರಿಯ ಕಾಲದಲ್ಲಿ ಯುವಜನರ ಮನಸ್ಸು

ಮೈಗೆ ಬಂದ ಬೇನೆಯನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ನಾವು ಹಿಂಜರಿಯುವುದಿಲ್ಲ. ಜ್ವರ ಬಂದರೆ ರಜೆಯ ಚೀಟಿ ಬರೆಯುತ್ತೇವೆ. ಕೈ ಮುರಿದರೆ ಕಟ್ಟು ಹಾಕಿಸಿಕೊಂಡು ಎಲ್ಲರ ನಡುವೆ ಓಡಾಡುತ್ತೇವೆ. ಮನಸ್ಸಿಗೆ ಬಂದ ಬೇನೆಯನ್ನು ಮಾತ್ರ ಹೆತ್ತವರಿಗೂ ತಿಳಿಯದಂತೆ ಮುಚ್ಚಿಡುತ್ತೇವೆ. ೨೦೨೦ ಮತ್ತು ೨೦೨೧ನೆಯ ಇಸವಿಗಳಲ್ಲಿ ಕೊರೋನಾ ಮಹಾಮಾರಿ ಜಗತ್ತನ್ನೆಲ್ಲ ಸುತ್ತಿದಾಗ, ಎಷ್ಟು ಮಂದಿಗೆ ರೋಗ ತಗಲಿತು, ಎಷ್ಟು ಮಂದಿ ತೀರಿಕೊಂಡರು ಎಂಬ ಲೆಕ್ಕವನ್ನು ದಿನವೂ ಕೇಳಿದೆವು. ಆ ಕಾಲದಲ್ಲಿ ಯುವಜನರ ಮನಸ್ಸಿಗೆ ಏನಾಯಿತೆಂದು ಕೇಳಿದವರು ಕಡಿಮೆ. ಇಂದು ಕಾಲೇಜಿನಲ್ಲಿ ಓದುತ್ತಿರುವ ನಮ್ಮಲ್ಲಿ ಬಹುಮಂದಿ ಆಗ ಶಾಲೆಯಲ್ಲಿದ್ದವರು. ನಮ್ಮ ಅಣ್ಣ ಅಕ್ಕಂದಿರು ಆಗ ಕಾಲೇಜಿನಲ್ಲಿದ್ದವರು. ಆದುದರಿಂದ ಇದು ಪರರ ಕಥೆಯಲ್ಲ, ನಮ್ಮದೇ. ಇದನ್ನು ಸ್ವಲ್ಪ ವಿಚಾರ ಮಾಡಿ ತಿಳಿದುಕೊಳ್ಳುವುದು ಒಳ್ಳೆಯದು.

ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಕಡಲಿಲ್ಲ. ಆದರೂ ೨೦೨೦ನೆಯ ಮಾರ್ಚ್ ೨೫ರಂದು ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಇಲ್ಲಿನ ಒಂದೊಂದು ಮನೆಯೂ ಒಂದೊಂದು ದ್ವೀಪವಾಯಿತೆಂದರೆ ತಪ್ಪಾಗಲಾರದು. ನಾಡಿನ ಅನೇಕ ಹಳ್ಳಿಗಳವರು ದಾರಿಗೆ ಮುಳ್ಳು ಬೇಲಿ, ಕಲ್ಲು, ಮರದ ದಿಮ್ಮಿಗಳನ್ನು ಅಡ್ಡವಿಟ್ಟು ಹೊರಗಿನವರು ಬಾರದಂತೆ ತಡೆದರು. ದೊಡ್ಡಬಳ್ಳಾಪುರದಲ್ಲಿ ಹಗಲಿರುಳೂ ಸದ್ದು ಮಾಡುತ್ತಿದ್ದ ಮಗ್ಗಗಳು ನಿಂತುವು. ದ್ರಾಕ್ಷಿ, ಹೂವು ಬೆಳೆದವರು ಕೊಳ್ಳುವವರಿಲ್ಲದೆ ಕೈಹಿಸುಕಿಕೊಂಡರು. ದೇವನಹಳ್ಳಿಯ ವಿಮಾನ ನಿಲ್ದಾಣವನ್ನೂ, ಹೊಸಕೋಟೆ ನೆಲಮಂಗಲಗಳ ಕಾರ್ಖಾನೆ ಗೋದಾಮುಗಳನ್ನೂ ನಂಬಿಕೊಂಡಿದ್ದ ಮನೆಗಳಲ್ಲಿ ನಾಳೆಯ ಸಂಬಳದ ಚಿಂತೆ ಹತ್ತಿತು. ಪದವಿ ಕಾಲೇಜುಗಳು ನವೆಂಬರ್ ೧೭ರಂದು ಮತ್ತೆ ತೆರೆದುವು. ೨೦೨೧ರ ಏಪ್ರಿಲ್‌ನಲ್ಲಿ ಎರಡನೆಯ ಅಲೆ ಬಂದಾಗ ಮತ್ತೆ ಮುಚ್ಚಿ, ಜುಲೈ ಕೊನೆಯ ವೇಳೆಗೆ ತಿರುಗಿ ತೆರೆದುವು. ಆ ವರ್ಷ ಕಾಲೇಜಿಗೆ ಹೋಗಿ ಓದುತ್ತಿದ್ದವರಿಗೆ ದ್ವಿತೀಯ ಪಿ.ಯು.ಸಿ. ವಾರ್ಷಿಕ ಪರೀಕ್ಷೆ ರದ್ದಾಯಿತು.

ಪಿಡುಗು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ೧೮೯೮ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆ ಪಿಡುಗಿನ ಬಳಿಕ. ೧೯೧೮ರಲ್ಲಿ ಇನ್‌ಫ್ಲುಯೆಂಜಾ ಬಂದು ದೇಶದಲ್ಲಿ ಕೋಟಿಗೂ ಮೀರಿ ಜನರನ್ನು ಬಲಿ ತೆಗೆದುಕೊಂಡಿತು. ಆದರೆ ಪ್ಲೇಗಿಗೂ ಕೊರೋನಾಕ್ಕೂ ಒಂದು ಮುಖ್ಯ ವ್ಯತ್ಯಾಸವುಂಟು. ಇಲಿ ಬಿದ್ದಿತೆಂದರೆ ಹಳ್ಳಿಯವರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ವಾಸಮಾಡುತ್ತಿದ್ದರು. ಊರು ಬಿಟ್ಟರೂ ಜನ ಜನವನ್ನು ಬಿಟ್ಟಿರಲಿಲ್ಲ. ಭಯವಿದ್ದರೂ ಅದನ್ನು ಹಂಚಿಕೊಳ್ಳಲು ನೆರೆಯವರಿದ್ದರು. ಕೊರೋನಾ ಉಸಿರಿನಿಂದ ಹರಡುವ ರೋಗ. ಇಲ್ಲಿ ಜನ ಊರಿನಲ್ಲೇ ಉಳಿದರು, ಆದರೆ ಒಬ್ಬರನ್ನೊಬ್ಬರು ಬಿಟ್ಟರು. ಕಷ್ಟಕಾಲದಲ್ಲಿ ಮನಸ್ಸಿಗೆ ಔಷಧವಾಗುವ ಸಹವಾಸವೇ ಈ ರೋಗದಲ್ಲಿ ಅಪಾಯವಾಯಿತು. ಆ ದಿನಗಳ ಮಾನಸಿಕ ಕಷ್ಟದ ಬೇರು ಬಹುಮಟ್ಟಿಗೆ ಇಲ್ಲಿದೆ.

ಈ ಕಷ್ಟ ವಯಸ್ಸಾದವರಿಗಿಂತ ಯುವಜನರನ್ನು ಹೆಚ್ಚಾಗಿ ಬಾಧಿಸಲು ಕಾರಣವೇನು? ಮೊದಲನೆಯದಾಗಿ, ಮನೋವ್ಯಾಧಿಗಳು ತಲೆದೋರುವುದೇ ಎಳೆಯ ವಯಸ್ಸಿನಲ್ಲಿ. ಅವುಗಳಲ್ಲಿ ಸುಮಾರು ಅರ್ಧದಷ್ಟು ಹದಿನಾಲ್ಕರೊಳಗೂ, ಮುಕ್ಕಾಲು ಪಾಲು ಇಪ್ಪತ್ತನಾಲ್ಕರೊಳಗೂ ಕಾಣಿಸಿಕೊಳ್ಳುವುವೆಂದು ತಜ್ಞರು ಕಂಡಿದ್ದಾರೆ. ವಿವೇಚನೆ, ಸಂಯಮಗಳಿಗೆ ಆಧಾರವಾದ ಮಿದುಳಿನ ಮುಂಭಾಗ ಇಪ್ಪತ್ತೈದರ ಸುಮಾರಿನವರೆಗೂ ಬೆಳೆಯುತ್ತಲೇ ಇರುತ್ತದೆ. ಎರಡನೆಯದಾಗಿ, ಇದು ಮನೆಯಾಚೆಯ ಸ್ನೇಹವನ್ನು ಕಟ್ಟಿಕೊಂಡು, 'ನಾನು ಯಾರು, ಏನಾಗಬೇಕು' ಎಂಬುದನ್ನು ನಿಶ್ಚಯಿಸಿಕೊಳ್ಳುವ ವಯಸ್ಸು. ಆ ಕೆಲಸ ನಡೆಯುವುದು ಬಸ್ಸಿನಲ್ಲಿ, ಆಟದ ಬಯಲಿನಲ್ಲಿ, ತರಗತಿಗಳ ನಡುವಿನ ಹತ್ತು ನಿಮಿಷದ ಬಿಡುವಿನಲ್ಲಿ. ಅವೆಲ್ಲ ಒಮ್ಮೆಗೇ ನಿಂತುಹೋದುವು.

ಮೂರನೆಯದು, ಅನಿಶ್ಚಯ. ತಿಳಿದ ಕಷ್ಟವನ್ನು ಮನಸ್ಸು ಹೇಗೋ ತಡೆದುಕೊಳ್ಳುತ್ತದೆ. ಎಂದು ಮುಗಿಯುವುದೋ ತಿಳಿಯದ ಕಷ್ಟವನ್ನು ತಡೆಯಲಾರದು. ಪರೀಕ್ಷೆ ಉಂಟೋ ಇಲ್ಲವೋ, ಪಡೆದ ಅಂಕಕ್ಕೆ ಬೆಲೆಯುಂಟೋ ಇಲ್ಲವೋ, ಅಪ್ಪನ ಕೆಲಸ ಉಳಿಯುವುದೋ ಹೋಗುವುದೋ! ಇದರ ಮೇಲೆ ಮನೆಯ ಸ್ಥಿತಿಗತಿ. ಪಾಠವೆಲ್ಲ ಮೊಬೈಲಿಗೆ ಬಂದಾಗ ಮೂರು ಮಕ್ಕಳಿಗೆ ಒಂದೇ ಫೋನಿದ್ದ ಮನೆಗಳ ಪಾಡೇನು? ಒಂದೇ ಕೋಣೆಯಲ್ಲಿ ಐದಾರು ಜನರಿರುವಾಗ ಓದಲಿಕ್ಕೂ ಜಾಗವಿಲ್ಲ, ಅಳಲಿಕ್ಕೂ ಜಾಗವಿಲ್ಲ. ಹೆಣ್ಣುಮಕ್ಕಳ ಪಾಲಿಗೆ ಮನೆಗೆಲಸ ಇಮ್ಮಡಿಯಾಯಿತು. ಓದು ನಿಲ್ಲಿಸಿ ಮದುವೆ ಮಾಡುವ ಮಾತೂ ಎಷ್ಟೋ ಕಡೆ ಎದ್ದಿತು. ಇನ್ನು ಸಾವು ಕಂಡ ಮನೆಗಳ ದುಃಖ ಬೇರೆಯದೇ. ಕೊನೆಗಾಲದಲ್ಲಿ ಮುಖ ನೋಡಲಾಗಲಿಲ್ಲ, ಹೆಗಲು ಕೊಡಲಾಗಲಿಲ್ಲ, ತಿಥಿಗೆ ನೆಂಟರು ಸೇರಲಿಲ್ಲ. ನಮ್ಮ ಹಿರಿಯರು ಇಟ್ಟ ಈ ವಿಧಿಗಳು ಸತ್ತವರಿಗೆಂದು ಹೇಳಿದರೂ ಬದುಕಿರುವವರ ಅಳಲನ್ನು ಹೊರಗೆ ಹರಿಸುವ ಕಾಲುವೆಗಳು. ಕಾಲುವೆ ಮುಚ್ಚಿದರೆ ನೀರು ಒಳಗೇ ನಿಲ್ಲುತ್ತದೆ.

ಭಯವಾದಾಗ ದೇಹದಲ್ಲಿ ಏನು ನಡೆಯುತ್ತದೆಂಬುದನ್ನೂ ತಿಳಿದಿರಬೇಕು. ಅಪಾಯ ಕಂಡೊಡನೆ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ರಕ್ತಕ್ಕೆ ಸೇರಿ ಎದೆಬಡಿತವನ್ನು ಹೆಚ್ಚಿಸಿ, ಓಡಲು ಅಥವಾ ಹೋರಾಡಲು ಮೈಯನ್ನು ಸಜ್ಜುಗೊಳಿಸುತ್ತವೆ. ಹಾವು ಕಂಡಾಗ ಇದು ಉಪಕಾರಿ. ಹಾವು ಹೋದ ಮೇಲೆ ಮೈ ತಣ್ಣಗಾಗುತ್ತದೆ. ಆದರೆ ತಿಂಗಳುಗಟ್ಟಲೆ ಹೋಗದ ಹಾವಿಗೆ ಏನು ಮಾಡುವುದು? ಈ ಸನ್ನದ್ಧತೆ ನಿಲ್ಲದೆ ಮುಂದುವರಿದರೆ ನಿದ್ರೆ ಕೆಡುತ್ತದೆ, ಹಸಿವು ಕೆಡುತ್ತದೆ, ಮನಸ್ಸು ಒಂದೆಡೆ ನಿಲ್ಲದು. ಬೆಳಗಿನ ಬಿಸಿಲು ಕಾಣದೆ, ನಡುರಾತ್ರಿಯವರೆಗೆ ಮೊಬೈಲಿನಲ್ಲಿ ಸಾವಿನ ಸುದ್ದಿಗಳನ್ನೇ ನೋಡುತ್ತ ಕುಳಿತವರಿಗೆ ಹಗಲಿರುಳುಗಳ ಕ್ರಮವೇ ತಪ್ಪಿತು. ಚಿಂತೆಗೂ ಚಿತೆಗೂ ಇರುವ ವ್ಯತ್ಯಾಸ ಒಂದು ಸೊನ್ನೆ ಮಾತ್ರವೆಂದು ಹಿರಿಯರು ಹೇಳುವುದು ಸುಮ್ಮನಲ್ಲ.

ಇದೆಲ್ಲ ಬರಿಯ ಊಹೆಯಲ್ಲ. ಮಹಾಮಾರಿಯ ಮೊದಲ ವರ್ಷದಲ್ಲಿ ಜಗತ್ತಿನಲ್ಲಿ ಖಿನ್ನತೆ ಮತ್ತು ಆತಂಕದ ವ್ಯಾಧಿಗಳು ಶೇಕಡ ೨೫ರಷ್ಟು ಹೆಚ್ಚಿದುವೆಂದೂ, ಯುವಜನರೂ ಸ್ತ್ರೀಯರೂ ಹೆಚ್ಚು ಬಾಧೆಗೊಳಗಾದರೆಂದೂ ವಿಶ್ವ ಆರೋಗ್ಯ ಸಂಸ್ಥೆ ೨೦೨೨ರಲ್ಲಿ ತಿಳಿಸಿತು. ನಿಜವಾದ ದ್ವೀಪರಾಷ್ಟ್ರಗಳ ಅನುಭವವೂ ಹೀಗೆಯೇ. ಒಂಟಿತನದ ಸಮಸ್ಯೆಯನ್ನು ನೋಡಿಕೊಳ್ಳಲೆಂದೇ ಬ್ರಿಟನ್ ೨೦೧೮ರಲ್ಲಿಯೇ ಒಬ್ಬ ಸಚಿವರನ್ನು ನೇಮಿಸಿತ್ತು. ಮಹಾಮಾರಿಯ ನಡುವೆ ಆತ್ಮಹತ್ಯೆಗಳು ಹೆಚ್ಚಿದುದನ್ನು ಕಂಡ ಜಪಾನ್ ೨೦೨೧ರ ಫೆಬ್ರವರಿಯಲ್ಲಿ ಅದೇ ಹಾದಿ ಹಿಡಿಯಿತು. ಶ್ರೀಮಂತ ದೇಶಗಳೂ ಒಂಟಿತನವನ್ನು ರಾಜ್ಯದ ಕಾರ್ಯವೆಂದು ಎಣಿಸಿರುವಾಗ, ನಾವು ಅದನ್ನು ಒಬ್ಬೊಬ್ಬರ ದೌರ್ಬಲ್ಯವೆಂದು ಜರೆಯುವುದು ನ್ಯಾಯವಲ್ಲ.

ಹಾಗೆಂದು ದುಃಖವೆಲ್ಲ ರೋಗವಲ್ಲ. ಅಜ್ಜಿ ತೀರಿಕೊಂಡಾಗ ಅಳುವುದೂ, ಪರೀಕ್ಷೆಯ ಮುನ್ನ ಎದೆ ಬಡಿದುಕೊಳ್ಳುವುದೂ ಆರೋಗ್ಯವಂತರ ಲಕ್ಷಣವೇ. ಎರಡು ವಾರಗಳಿಗೂ ಮೀರಿ ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿರುವುದು, ಹಿಂದೆ ಇಷ್ಟವಾಗಿದ್ದ ಕೆಲಸದಲ್ಲಿ ರುಚಿ ಹೋಗುವುದು, ನಿದ್ರೆ ಆಹಾರಗಳು ಏರುಪೇರಾಗುವುದು, ಓದು ತಲೆಗೆ ಹತ್ತದಿರುವುದು, 'ನಾನು ಯಾರಿಗೂ ಬೇಡವಾದವನು' ಎಂಬ ಭಾವನೆ ಬಲಿಯುವುದು, ಇವು ಕೂಡಿ ಬಂದರೆ ಖಿನ್ನತೆಯಿರಬಹುದೆಂದು ತಿಳಿದು ವೈದ್ಯರನ್ನು ಕಾಣಬೇಕು. ಬದುಕೇ ಬೇಡವೆಂಬ ಯೋಚನೆ ಸುಳಿದರಂತೂ ಎರಡು ವಾರ ಕಾಯದೆ ಅಂದೇ ಯಾರಿಗಾದರೂ ಹೇಳಬೇಕು. ಖಿನ್ನತೆ ಆಪ್ತಸಲಹೆಯಿಂದಲೂ, ಅಗತ್ಯವಿದ್ದರೆ ಔಷಧದಿಂದಲೂ ಗುಣವಾಗುವಂಥ ವ್ಯಾಧಿ.

ಸಹಾಯ ನಮಗೆ ದೂರವಿಲ್ಲ. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯೂ ೧೯೫೪ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ೧೯೭೪ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಆದುವು. ನಮ್ಮ ನಾಲ್ಕು ತಾಲ್ಲೂಕು ಕೇಂದ್ರಗಳಿಂದಲೂ ಅದು ಒಂದು ಹಗಲಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಆ ಸಂಸ್ಥೆಯವರು ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಹಳ್ಳಿಯಲ್ಲಿಯೇ ಚಿಕಿತ್ಸೆ ನೀಡಬಹುದೆಂದು ತೋರಿಸಿಕೊಟ್ಟರು. ಆ ಮಾದರಿಯ ಮೇಲೆಯೇ ೧೯೯೬ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ೨೦೨೦ರ ಮಾರ್ಚ್ ಕೊನೆಯಲ್ಲಿ, ಜನ ಹೊರಗೆ ಬರಲಾಗದಿದ್ದಾಗ, ನಿಮ್ಹಾನ್ಸ್ ದೂರವಾಣಿಯ ಮೂಲಕ ಸಮಾಧಾನ ಹೇಳುವ ಏರ್ಪಾಡು ಮಾಡಿತು. ೨೦೨೨ರ ಅಕ್ಟೋಬರ್ ೧೦ರಂದು ಟೆಲಿ ಮಾನಸ್ ಎಂಬ ರಾಷ್ಟ್ರೀಯ ಸೇವೆ ಬಂದಿತು. ೧೪೪೧೬ ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆಮಾಡಿ, ಹಣವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆ, ಪ್ರಾಣ ಕಳೆದುಕೊಳ್ಳಲೆತ್ನಿಸಿದವರನ್ನು ತೀವ್ರ ಸಂಕಟದಲ್ಲಿರುವವರೆಂದು ಭಾವಿಸಿ, ಶಿಕ್ಷಿಸದೆ ಆರೈಕೆ ಮಾಡಬೇಕೆನ್ನುತ್ತದೆ.

ಇಷ್ಟು ಸೌಕರ್ಯವಿದ್ದರೂ ಜನ ಮುಂದೆ ಬರುತ್ತಿಲ್ಲ. ನಿಮ್ಹಾನ್ಸ್ ೨೦೧೫-೧೬ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಒಂದಲ್ಲ ಒಂದು ಮಾನಸಿಕ ವ್ಯಾಧಿಯಿತ್ತು. ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆ ದೊರೆತಿರಲಿಲ್ಲ. ಆಸ್ಪತ್ರೆಯ ಕೊರತೆಯೊಂದೇ ಇದಕ್ಕೆ ಕಾರಣವಲ್ಲ. 'ಹುಚ್ಚು' ಎಂಬ ಒಂದು ಮಾತಿಗೆ ಹೆದರಿ ಬಾಗಿಲ ಬಳಿಗೆ ಬಂದೂ ಹಿಂದಿರುಗುವವರು ಅನೇಕರು. ಈ ಹೆದರಿಕೆಯನ್ನು ಕಳೆಯುವುದು ವೈದ್ಯರ ಕೆಲಸವಲ್ಲ, ನಮ್ಮದು.

ವಿದ್ಯಾರ್ಥಿಗಳಾದ ನಾವು ಮಾಡಬಹುದಾದುದು ದೊಡ್ಡದೇನೂ ಅಲ್ಲ. ದಿನವೂ ಬರುತ್ತಿದ್ದ ಗೆಳೆಯ ನಾಲ್ಕು ದಿನ ಬಾರದಿದ್ದರೆ ಏಕೆಂದು ವಿಚಾರಿಸಬಹುದು. ಅವನು ಹೇಳಹೊರಟಾಗ ಬುದ್ಧಿ ಹೇಳದೆ, ನಗೆಯಾಡದೆ, ಕೊನೆಯವರೆಗೂ ಕೇಳಬಹುದು. ಕೇಳಿದ್ದನ್ನು ಊರಿಗೆಲ್ಲ ಹರಡದಿರಬಹುದು. ಅಗತ್ಯವಿದ್ದರೆ ಆಸ್ಪತ್ರೆಗೆ ಜೊತೆಯಲ್ಲಿ ಹೋಗಬಹುದು. ಅಧ್ಯಾಪಕರಲ್ಲಿಯೂ ಒಂದು ವಿನಂತಿ. ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳು ಸಾಲಾಗಿ ಬಂದಾಗ, ದಂಡ ವಿಧಿಸುವ ಮುನ್ನ ಕಾರಣವನ್ನು ಕೇಳಬೇಕು.

ಮಹಾಮಾರಿ ಹೋಯಿತು. ಆದರೆ ಆ ದಿನಗಳಲ್ಲಿ ಮಾತು ಕಳೆದುಕೊಂಡವರಲ್ಲಿ ಕೆಲವರು ಇನ್ನೂ ನಮ್ಮ ಪಕ್ಕದ ಬೆಂಚಿನಲ್ಲಿ ಮೌನವಾಗಿ ಕುಳಿತಿರಬಹುದು. ಮುಚ್ಚಿದ ಶಾಲೆ ಕಾಲೇಜುಗಳನ್ನು ಸರ್ಕಾರ ಒಂದು ಆಜ್ಞೆಯಿಂದ ತೆರೆಯಿತು. ಮುಚ್ಚಿದ ಮನಸ್ಸು ಹಾಗೆ ತೆರೆಯುವುದಿಲ್ಲ, 'ಹೇಗಿದ್ದೀಯೆ?' ಎಂದು ಕೇಳಿ ಉತ್ತರಕ್ಕಾಗಿ ಸ್ವಲ್ಪ ಹೊತ್ತು ನಿಲ್ಲುವವರು ಬೇಕು. ಅಷ್ಟು ಹೊತ್ತು ನಿಲ್ಲುವ ತಾಳ್ಮೆ ನಮ್ಮೆಲ್ಲರಿಗೂ ಬರಲಿ.