ತುಂಗಭದ್ರೆಯ ದುಂಡು ದೋಣಿ

ದಾವಣಗೆರೆಯಿಂದ 14 ಕಿ.ಮೀ. ದೂರದ ಹರಿಹರದಲ್ಲಿ ತುಂಗಭದ್ರೆಯದು ಅಗಲವಾದ ಪಾತ್ರ. ಸೂಳೆಕೆರೆಯಿಂದ ಹರಿದು ಬರುವ ಹರಿದ್ರಾ ಅವಳನ್ನು ಕೂಡಿಕೊಳ್ಳುವುದೂ ಇಲ್ಲೇ. ಒಂದು ಕಾಲಕ್ಕೆ ಈ ದಡ ಮೈಸೂರು ಸಂಸ್ಥಾನ, ಆ ದಡ ಮುಂಬಯಿ ಪ್ರಾಂತ್ಯ. 1868ರಲ್ಲಿ ಹೆದ್ದಾರಿಯ ಸೇತುವೆ ಪೂರ್ಣಗೊಳ್ಳುವ ಮುಂಚೆ, ಹೊಳೆ ತುಂಬಿದಾಗ ಎರಡೂ ದಡದವರಿಗೆ ಅಂಬಿಗರೇ ದಿಕ್ಕು. ಅವರ ಕಸುಬಿನ ಜೀವಾಳ ಹರಿಗೋಲು. ಮೀನುಗಾರರ ಮಾತಿನಲ್ಲಿ ತೆಪ್ಪ.

ಬಿದಿರನ್ನು ಸೀಳಿ, ನೆಲದ ಮೇಲೆ ಅಡ್ಡಡ್ಡ ಹಾಸಿ, ನಡುವಿನಿಂದ ಹೊರಕ್ಕೆ ಹೆಣೆಯುತ್ತಾ ಹೋಗುತ್ತಾರೆ. ಅಂಚನ್ನು ಮೇಲೆತ್ತಿ ಬಾಗಿಸಿ, ಸುತ್ತಲೂ ದಪ್ಪನೆಯ ಬಿಗಿ ಕಟ್ಟು ಹಾಕುತ್ತಾರೆ. ಹಿಂದೆ ಹೊರಮೈಗೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ಕೆಲವೆಡೆ ಫೈಬರ್ ತೆಪ್ಪಗಳೂ ಬಂದಿವೆ.

ಈ ಆಕಾರವನ್ನು ಕಲಿಸಿದ್ದು ನದಿಯೇ. ಮಳೆಗಾಲದಲ್ಲಿ ಉಕ್ಕುವ ತುಂಗಭದ್ರೆ ಬೇಸಿಗೆಯಲ್ಲಿ ಬಂಡೆಗಳ ನಡುವೆ ಸಣ್ಣಗಾಗುತ್ತಾಳೆ. ಅಡಿಗಟ್ಟೆಯಿರುವ ಹಾಯಿದೋಣಿ ಅಲ್ಲಿ ಕಲ್ಲಿಗೆ ತಗುಲಿ ನಿಲ್ಲುತ್ತದೆ. ಹರಿಗೋಲಿನ ತಳ ಚಪ್ಪಟೆ, ಮುಳುಗುವುದು ಸ್ವಲ್ಪವೇ. ಬಂಡೆಗೆ ತಾಗಿದರೆ ಸುತ್ತಿಕೊಂಡು ಮುಂದೆ ಸರಿಯುತ್ತದೆ. ಅದನ್ನು ನೇರ ಸಾಗಿಸುವುದೇ ಅಂಬಿಗನ ವಿದ್ಯೆ: ಮುಂದೆ ಕೂತು, ಒಂದೇ ಹುಟ್ಟಿನಿಂದ ನೀರನ್ನು ತನ್ನತ್ತ ಎಳೆದುಕೊಳ್ಳಬೇಕು. ಸೆಳೆತ ಎಲ್ಲಿದೆ, ಮಡು ಎಲ್ಲಿದೆ ಎಂಬುದು ಬಾಯಿಪಾಠವಾಗಿರಬೇಕು.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗುಂದಿಯ ಬಳಿ ಜನ ಬುಟ್ಟಿಯಂಥ ದೋಣಿಗಳಲ್ಲಿ ಹೊಳೆ ದಾಟುವುದನ್ನು ಕಂಡ. ಬೆತ್ತ ಹೆಣೆದು ತೊಗಲು ಹೊದಿಸಿದ ಅವು ಹದಿನೈದಿಪ್ಪತ್ತು ಜನರನ್ನು ಹೊರುತ್ತವೆ, ಸದಾ ಸುತ್ತುತ್ತಲೇ ಸಾಗುತ್ತವೆ ಎಂದು ಬರೆದಿಟ್ಟ. ಅವನಿಗೂ ಎರಡು ಸಾವಿರ ವರ್ಷ ಹಿಂದೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್, ಬ್ಯಾಬಿಲೋನಿಗೆ ಸರಕು ತರುತ್ತಿದ್ದ ದುಂಡು ತೊಗಲ ದೋಣಿಗಳನ್ನು ವರ್ಣಿಸಿದ್ದ. ಪ್ರವಾಹಕ್ಕೆದುರಾಗಿ ಹೋಗಲಾಗದ್ದರಿಂದ ಆ ವರ್ತಕರು ಚೌಕಟ್ಟನ್ನು ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿ ಊರಿಗೆ ಮರಳುತ್ತಿದ್ದರಂತೆ. ನಮ್ಮ ಅಂಬಿಗನಿಗೆ ಆ ಪಾಡಿಲ್ಲ. ಹಗುರವಾದ ತೆಪ್ಪವನ್ನು ತಲೆಯ ಮೇಲೆ ಹೊತ್ತು ದಡದಲ್ಲೇ ನಡೆದುಬಿಡುತ್ತಾನೆ.

ಹರಿಹರದಿಂದ ಕೆಳಹರಿವಿನ ದಾರಿಯೂ ಹಿರಿದೇ. 1224ರ ಹರಿಹರೇಶ್ವರ ದೇಗುಲದ ಊರನ್ನು ಬಿಟ್ಟರೆ ಮುಂದೆ ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರ. ಹುಟ್ಟು ಹಾಕುತ್ತಲೇ ಲೋಕದ ಡಾಂಭಿಕತೆಯನ್ನು ಝಾಡಿಸಿದ ಹನ್ನೆರಡನೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ನೆಲವದು. ಇನ್ನೂ ಕೆಳಗೆ, ಆನೆಗುಂದಿಯ ಬಳಿ, ವ್ಯಾಸರಾಜರೂ ಸೇರಿದಂತೆ ಒಂಬತ್ತು ಯತಿಗಳ ನವವೃಂದಾವನವಿರುವ ನಡುಗಡ್ಡೆ. ಇಂದಿಗೂ ಯಾತ್ರಿಕರು ಅಲ್ಲಿಗೆ ತಲುಪುವುದು ದೋಣಿಯಲ್ಲೇ.

ನಮ್ಮ ಹೊಳೆದಂಡೆಗೆ ಪ್ರವಾಸಿಗರನ್ನು ಸೆಳೆಯುವ ಯೋಗ್ಯತೆಯಿದೆ. ಮಳೆ ನಿಂತು ಹರಿವು ಹದಕ್ಕೆ ಬಂದ ತಿಂಗಳುಗಳಲ್ಲಿ, ಜೀವರಕ್ಷಕ ಜಾಕೆಟ್ ಕಡ್ಡಾಯ ಮಾಡಿ, ಪಳಗಿದ ಅಂಬಿಗರನ್ನೇ ಮುಂದಿಟ್ಟುಕೊಂಡು ಹರಿಹರದಲ್ಲಿ ಹರಿಗೋಲು ವಿಹಾರ ನಡೆಸಬಹುದು. ಹೆಣೆಯುವ ಕೈಗಳಿಗೆ ಕೂಲಿ, ಮಕ್ಕಳಿಗೆ ನದಿಯ ಪಾಠ ಎರಡೂ ದಕ್ಕುತ್ತವೆ. ತೆಪ್ಪದಲ್ಲಿ ಕೂತು ಹೊಳೆಯನ್ನು ಹತ್ತಿರದಿಂದ ಕಂಡವರು ಅದಕ್ಕೆ ಕೊಳಚೆ ಬಿಡುವುದನ್ನು ಸುಮ್ಮನೆ ನೋಡಿಕೊಂಡಿರಲಾರರು.