ಎರೆಮಣ್ಣಿನ ಕೈತೋಟ

ಎರೆಮಣ್ಣಿನ ಕೈತೋಟ ಎಂಬುದು ಕಪ್ಪು ಜೇಡಿಮಣ್ಣಿನ ಪ್ರದೇಶಗಳಲ್ಲಿ ಮನೆಯ ಹಿತ್ತಲು, ಅಂಗಳ ಅಥವಾ ಶಾಲೆಯ ಆವರಣದಲ್ಲಿ ತರಕಾರಿ, ಹೂವು ಮತ್ತು ಹಣ್ಣಿನ ಗಿಡಗಳನ್ನು ಬೆಳೆಸುವ ಪದ್ಧತಿ. ಉತ್ತರ ಕರ್ನಾಟಕದಲ್ಲಿ ಕಪ್ಪು ಮಣ್ಣನ್ನು ಎರೆ ಅಥವಾ ಎರಿ ಎಂದೂ ಕೆಂಪು ಮಣ್ಣನ್ನು ಮಸಾರಿ ಎಂದೂ ಕರೆಯುತ್ತಾರೆ. ಧಾರವಾಡ ಜಿಲ್ಲೆಯ ಹುಬ್ಬಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಶಿರಗುಪ್ಪಿ ಹಾಗೂ ಅಲ್ಲಿಂದ ಅಣ್ಣಿಗೇರಿ, ಗದಗ, ನವಲಗುಂದಗಳ ಕಡೆಗೆ ಹರಡಿರುವ ಬಯಲು ಈ ಮಣ್ಣಿನ ಪ್ರಮುಖ ಪ್ರದೇಶಗಳಲ್ಲಿ ಒಂದು. ಇಲ್ಲಿನ ತೋಟದ ಗಿಡಗಳು ಬೇಸಿಗೆಯಲ್ಲಿ ನೀರಿನ ಕೊರತೆಯಿಂದ ಸಾಯುವಂತೆಯೇ ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತೂ ಸಾಯುತ್ತವೆ. ಆದುದರಿಂದ ಮಡಿಯ ರಚನೆ, ಗಿಡಗಳ ಆಯ್ಕೆ ಮತ್ತು ನೀರು ಕೊಡುವ ಕ್ರಮಗಳೆಲ್ಲ ಬೇರುಗಳಿಗೆ ನೀರಿನ ಜೊತೆಗೆ ಗಾಳಿಯೂ ದೊರೆಯುವಂತೆ ನೋಡಿಕೊಳ್ಳುವುದನ್ನು ಅವಲಂಬಿಸಿವೆ.

ಪ್ರದೇಶ ಮತ್ತು ಹವಾಮಾನ

ಶಿರಗುಪ್ಪಿಯು ಹುಬ್ಬಳ್ಳಿ–ಗದಗ ಹೆದ್ದಾರಿಯಲ್ಲಿದೆ. ಧಾರವಾಡ ಜಿಲ್ಲೆಯ ಪಶ್ಚಿಮದಲ್ಲಿರುವ ಕಲಘಟಗಿ, ಅಳ್ನಾವರಗಳು ಅರೆಮಲೆನಾಡಿನ ಲಕ್ಷಣಗಳನ್ನು ಹೊಂದಿವೆ. ಪೂರ್ವಕ್ಕೆ ಸಾಗಿದಂತೆ ಮಳೆ ಕಡಿಮೆಯಾಗಿ ಬಯಲುಸೀಮೆ ಆರಂಭವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಹಾಗೂ ಅಕ್ಟೋಬರ್‌ನಿಂದ ಹಿಂಗಾರು ಮಳೆ ಬರುತ್ತದೆ. ಮಾರ್ಚ್‌ನಿಂದ ಮೇ ವರೆಗೆ ಒಣಹವೆಯಿದ್ದು, ಏಪ್ರಿಲ್–ಮೇ ತಿಂಗಳುಗಳಲ್ಲಿ ಗುಡುಗಿನಿಂದ ಕೂಡಿದ ಅಡ್ಡಮಳೆಗಳು ಬೀಳುವುದುಂಟು.

ಈ ಬಯಲಿನ ಹೊಲಗಳಲ್ಲಿ ಹತ್ತಿ, ಹೆಸರು, ಮೆಣಸಿನಕಾಯಿ, ಉಳ್ಳಾಗಡ್ಡಿ, ಜೋಳ ಮತ್ತು ಕಡಲೆ ಮುಖ್ಯ ಬೆಳೆಗಳು. ಹಿಂಗಾರಿನಲ್ಲಿ ಬಿತ್ತಿದ ಜೋಳ ಮತ್ತು ಕಡಲೆಗಳು ಮಳೆ ನಿಂತ ಬಳಿಕವೂ ಮಣ್ಣಿನಲ್ಲಿ ಉಳಿದ ತೇವದಿಂದಲೇ ಕಾಳು ಕಟ್ಟುತ್ತವೆ. ಕಡಲೆಯನ್ನು ನೀರಾವರಿಯಿಲ್ಲದೆ ಬೆಳೆಸುವ ಇದೇ ಮಣ್ಣು ಮಳೆಗಾಲದಲ್ಲಿ ಪಪ್ಪಾಯಿಯ ಗಿಡವನ್ನು ಕೊಳೆಸುತ್ತದೆ. ಎರಡಕ್ಕೂ ಕಾರಣ ಮಣ್ಣಿನ ಒಂದೇ ಗುಣ.

ಮಣ್ಣಿನ ಗುಣ

ಎರೆಮಣ್ಣಿನಲ್ಲಿ ಜೇಡಿಯ ಪ್ರಮಾಣ ಹೆಚ್ಚು. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಗುಂಪಿನ ಜೇಡಿ ಖನಿಜಗಳು ತಮ್ಮ ಪದರಗಳ ನಡುವೆ ನೀರನ್ನು ಹೀರಿಕೊಂಡು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಎರೆಹೊಲಗಳಲ್ಲಿ ಕೈ ತೂರುವಷ್ಟು ಅಗಲದ ಬಿರುಕುಗಳು ಕಾಣಿಸಿಕೊಳ್ಳಲು ಇದೇ ಕಾರಣ. ಮೊದಲ ಮಳೆಯ ನೀರು ಈ ಬಿರುಕುಗಳ ಮೂಲಕ ಆಳಕ್ಕೆ ಇಳಿಯುತ್ತದೆ. ಮಣ್ಣು ಉಬ್ಬಿ ಬಿರುಕು ಮುಚ್ಚಿದ ನಂತರ ನೀರು ಇಳಿಯುವ ವೇಗ ಬಹಳ ಕಡಿಮೆಯಾಗುತ್ತದೆ. ಆಗ ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ಗಾಳಿಯ ಬದಲು ನೀರು ತುಂಬಿ ಬೇರುಗಳು ಉಸಿರುಗಟ್ಟುತ್ತವೆ.

ಈ ಮಣ್ಣು ಸಾಮಾನ್ಯವಾಗಿ ಕ್ಷಾರೀಯವಾಗಿರುತ್ತದೆ. ಅನೇಕ ಕಡೆ ಸುಣ್ಣದ ಹರಳುಗಳು ಬೆರೆತಿರುತ್ತವೆ. ಸುಣ್ಣದಂಶ ಹೆಚ್ಚಿರುವಲ್ಲಿ ಕಬ್ಬಿಣ, ಸತು ಮತ್ತು ರಂಜಕಗಳು ಮಣ್ಣಿನಲ್ಲಿದ್ದರೂ ಗಿಡಗಳಿಗೆ ಸುಲಭವಾಗಿ ದಕ್ಕುವುದಿಲ್ಲ.

ಸ್ಥಳದ ಪರೀಕ್ಷೆ

ಗಿಡ ನೆಡುವ ಮೊದಲು ನೀರು ಬಸಿಯುವ ಬಗೆಯನ್ನು ತಿಳಿಯಲು ಸರಳ ಪರೀಕ್ಷೆಯೊಂದಿದೆ. ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿ ಇಂಗಲು ಬಿಡಬೇಕು. ಬಳಿಕ ಮತ್ತೊಮ್ಮೆ ತುಂಬಿ ಮಟ್ಟವನ್ನು ಅಳೆಯಬೇಕು. ಗಂಟೆಗೆ ಸುಮಾರು ಒಂದು ಅಂಗುಲ ಇಳಿದರೆ ಹೆಚ್ಚಿನ ಗಿಡಗಳಿಗೆ ಆ ಜಾಗ ಸೂಕ್ತ. ಮರುದಿನವೂ ನೀರು ಉಳಿದಿದ್ದರೆ ಅಲ್ಲಿ ಏರುಮಡಿ ಅನಿವಾರ್ಯ. ಒಣ ಮಣ್ಣಿನ ಬಿರುಕುಗಳು ಮೊದಲ ಬಾರಿಯ ನೀರನ್ನು ಬೇಗ ನುಂಗುವುದರಿಂದ ಎರಡನೆಯ ಅಳತೆಯನ್ನೇ ಪರಿಗಣಿಸಲಾಗುತ್ತದೆ.

ಅಗೆಯುವ ಕೆಲಸಕ್ಕೆ ಮಣ್ಣಿನ ಹದ ಮುಖ್ಯ. ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ಉಂಡೆ ಮಾಡಿ ಸೊಂಟದ ಎತ್ತರದಿಂದ ಬೀಳಿಸಿದಾಗ ಅದು ಒಡೆದು ಚದುರಿದರೆ ಹದವಿದೆ ಎಂದರ್ಥ. ಉಂಡೆಯಾಗಿಯೇ ಉಳಿದರೆ ತೇವ ಹೆಚ್ಚಾಗಿದೆ. ಅಂಥ ಸಮಯದಲ್ಲಿ ಅಗೆದರೆ ಅಥವಾ ತುಳಿದರೆ ಮಣ್ಣು ಒತ್ತಿಕೊಂಡು, ಒಣಗಿದ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ.

ಮಡಿಗಳ ರಚನೆ

ಎರೆಮಣ್ಣಿಗೆ ಏರುಮಡಿಗಳು ಹೆಚ್ಚು ಹೊಂದುತ್ತವೆ. ನೆಲದಿಂದ 8–12 ಅಂಗುಲ ಎತ್ತರ ಮತ್ತು 3–4 ಅಡಿ ಅಗಲವಿದ್ದರೆ ಮಡಿಯನ್ನು ತುಳಿಯದೆ ಎರಡೂ ಬದಿಗಳಿಂದ ಕೆಲಸ ಮಾಡಬಹುದು. ಮಡಿಗಳ ನಡುವಿನ ಕಾಲುವೆ ಇಳಿಜಾರಿನ ದಿಕ್ಕಿಗೆ ತೆರೆದಿರಬೇಕು. ಮಡಿಯ ಮೇಲಿನ ಅರ್ಧ ಅಡಿ ಮಣ್ಣಿಗೆ ಚದರ ಮೀಟರಿಗೆ 3–5 ಕೆ.ಜಿ.ಯಷ್ಟು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಅಥವಾ ಎರೆಹುಳು ಗೊಬ್ಬರ ಬೆರೆಸಲಾಗುತ್ತದೆ. ಸಾವಯವ ಅಂಶವು ಜೇಡಿಯ ಕಣಗಳನ್ನು ಚಿಕ್ಕ ಹರಳುಗಳಾಗಿ ಕೂಡಿಸಿ ನಡುವೆ ಗಾಳಿಗೆ ಎಡೆ ಮಾಡುತ್ತದೆ.

ಮಣ್ಣನ್ನು ಸಡಿಲಗೊಳಿಸಲು ಮರಳು ಬೆರೆಸುವ ರೂಢಿಯಿದೆ. ಸ್ವಲ್ಪ ಮರಳಿನಿಂದ ಪ್ರಯೋಜನವಾಗುವುದಿಲ್ಲ, ಮರಳಿನ ಕಣಗಳ ಸುತ್ತ ಜೇಡಿ ಮೆತ್ತಿಕೊಂಡು ಮಣ್ಣು ಇನ್ನಷ್ಟು ಗಟ್ಟಿಯಾಗಬಹುದು. ಗುಂಡಿ ತೋಡಿ ಅದರೊಳಗೆ ಮಸಾರಿ ಮಣ್ಣು ತುಂಬಿ ಗಿಡ ನೆಡುವುದು ಮತ್ತೊಂದು ರೂಢಿ. ಸುತ್ತಲಿನ ಎರೆಯಲ್ಲಿ ನೀರು ಇಳಿಯದ ಕಾರಣ ಮಳೆಗಾಲದಲ್ಲಿ ಅಂಥ ಗುಂಡಿ ಬಾನಿಯಂತೆ ನೀರು ತುಂಬಿಕೊಳ್ಳುತ್ತದೆ. ಮಸಾರಿ ಮಣ್ಣನ್ನು ಬಳಸುವುದಾದರೆ ನೆಲದ ಮೇಲೆ ಹರಡಿ ದಿಬ್ಬ ಮಾಡುವುದು ಉತ್ತಮ.

ಕುಂಡಗಳಲ್ಲಿ ಎರೆಮಣ್ಣನ್ನಷ್ಟೇ ತುಂಬಿದರೆ ಅದು ಒಣಗಿದಾಗ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಹಾಕಿದ ನೀರು ಬೇರನ್ನು ತಲುಪದೆ ಬದಿಯ ಸಂದಿನಿಂದ ಹರಿದುಹೋಗುತ್ತದೆ. ಎರೆ, ಮಸಾರಿ ಮತ್ತು ಗೊಬ್ಬರಗಳನ್ನು ಸಮಪಾಲಿನಲ್ಲಿ ಬೆರೆಸಿದರೆ ಈ ತೊಂದರೆ ಕಡಿಮೆಯಾಗುತ್ತದೆ.

ಸಸ್ಯಗಳ ಆಯ್ಕೆ

ತರಕಾರಿ ಮತ್ತು ಸೊಪ್ಪುಗಳು: ಬದನೆ, ಬೆಂಡೆ, ಚವಳಿಕಾಯಿ, ಹೀರೆ, ಅವರೆ, ಮೆಣಸಿನಕಾಯಿ ಮತ್ತು ಪುಂಡಿಪಲ್ಲೆಗಳು ಎರೆಮಣ್ಣಿಗೆ ಹೊಂದಿಕೊಳ್ಳುತ್ತವೆ. ಮೆಂತೆ ಮತ್ತು ರಾಜಗಿರಿ ಸೊಪ್ಪುಗಳು 25–30 ದಿನಗಳಲ್ಲಿ ಕೊಯ್ಲಿಗೆ ಬರುವುದರಿಂದ ಹೊಸದಾಗಿ ತೋಟ ಆರಂಭಿಸುವವರಿಗೆ ಅನುಕೂಲ. ಗಜ್ಜರಿ ಮತ್ತು ಮೂಲಂಗಿಗಳ ಗಡ್ಡೆಗಳು ಗಟ್ಟಿ ಮಣ್ಣಿನಲ್ಲಿ ಸೊಟ್ಟಗೆ ಬೆಳೆಯುತ್ತವೆ ಅಥವಾ ಕವಲೊಡೆಯುತ್ತವೆ. ಇವುಗಳಿಗೆ ಗೊಬ್ಬರ ಹೆಚ್ಚಿರುವ ಸಡಿಲ ಏರುಮಡಿ ಬೇಕು.

ಹೂವಿನ ಗಿಡಗಳು: ಚೆಂಡುಹೂವು, ಸೇವಂತಿಗೆ, ಅಬ್ಬಲಿ, ಮಲ್ಲಿಗೆ ಮತ್ತು ಗುಲಾಬಿಗಳನ್ನು ನೀರು ನಿಲ್ಲದಂತೆ ನೋಡಿಕೊಂಡು ಬೆಳೆಸಬಹುದು. ಕೇಪಳದಂತಹ, ಆಮ್ಲೀಯ ಮಣ್ಣನ್ನು ಬಯಸುವ ಕರಾವಳಿ ಮತ್ತು ಮಲೆನಾಡಿನ ಗಿಡಗಳು ಸುಣ್ಣದ ಎರೆಯಲ್ಲಿ ಹಳದಿಗಟ್ಟುತ್ತವೆ. ಅವುಗಳನ್ನು ಕುಂಡದಲ್ಲಿ ಬೆಳೆಸುವುದು ಸೂಕ್ತ.

ಹಣ್ಣು ಮತ್ತು ಬಹುವಾರ್ಷಿಕ ಗಿಡಗಳು: ಪೇರಲ, ಬಾರಿ, ದಾಳಿಂಬೆ, ಚಿಕ್ಕು ಮತ್ತು ಕರಿಬೇವುಗಳು ತಕ್ಕಮಟ್ಟಿಗೆ ಹೊಂದಿಕೊಳ್ಳುತ್ತವೆ. ಪಪ್ಪಾಯಿ, ನುಗ್ಗೆ ಮತ್ತು ಲಿಂಬೆಗಳು ನಿಂತ ನೀರನ್ನು ಸಹಿಸುವುದಿಲ್ಲ. ಇವುಗಳನ್ನು ಒಂದರಿಂದ ಒಂದೂವರೆ ಅಡಿ ಎತ್ತರದ ದಿಬ್ಬದ ಮೇಲೆ ನೆಡಬೇಕು.

ಋತುಮಾನದ ಕೆಲಸಗಳು

ಈ ಭಾಗದಲ್ಲಿ ಬಿತ್ತನೆಯ ಕಾಲವನ್ನು ಇಂದಿಗೂ ಮಳೆನಕ್ಷತ್ರಗಳಿಂದ ಗುರುತಿಸುವ ವಾಡಿಕೆಯಿದೆ. ಕೈತೋಟಕ್ಕೂ ಅದೇ ಲೆಕ್ಕ ಅನುಕೂಲಕರ.

- ಏಪ್ರಿಲ್–ಮೇ: ಅಡ್ಡಮಳೆಯ ನಂತರ ಹದ ನೋಡಿ ಮಡಿ ಕಟ್ಟುವುದು, ಗೊಬ್ಬರ ಬೆರೆಸುವುದು, ಬದನೆ ಮತ್ತು ಮೆಣಸಿನ ಸಸಿಮಡಿ ಮಾಡುವುದು.
- ಜೂನ್ ಎರಡನೆಯ ವಾರದಿಂದ (ಮೃಗಶಿರಾ, ಆರಿದ್ರಾ ಮಳೆಗಳು): ಬೆಂಡೆ, ಚವಳಿಕಾಯಿ, ಹೀರೆ, ಚೆಂಡುಹೂವುಗಳ ಬಿತ್ತನೆ, ಐದಾರು ವಾರದ ಸಸಿಗಳ ನಾಟಿ.
- ಜುಲೈ–ಆಗಸ್ಟ್: ಕಾಲುವೆಗಳ ಹೂಳು ತೆಗೆಯುವುದು, ಕಳೆ ಕೀಳುವುದು, ಬಳ್ಳಿಗಳಿಗೆ ಚಪ್ಪರ ಹಾಕುವುದು.
- ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ (ಹಸ್ತಾ, ಚಿತ್ತಾ ಮಳೆಗಳು): ಮೆಂತೆ, ಕೊತ್ತಂಬರಿ, ಅವರೆ, ಉಳ್ಳಾಗಡ್ಡಿ, ಟೊಮ್ಯಾಟೊ, ಹಣ್ಣಿನ ಗಿಡಗಳ ಬುಡಕ್ಕೆ ಮುಚ್ಚಿಗೆ.
- ಜನವರಿಯಿಂದ ಮಾರ್ಚ್: ಮಣ್ಣು ಬಿರುಕು ಬಿಡುವ ಮೊದಲೇ ಮೇಲ್ಮಣ್ಣನ್ನು ಸಡಿಲಿಸುವುದು.

ನೀರಿನ ನಿರ್ವಹಣೆ

ಎರೆಮಣ್ಣಿನ ಮೇಲ್ಪದರ ಒಣಗಿ ಬಿರಿದಿದ್ದರೂ ಬೆರಳುದ್ದ ಕೆಳಗೆ ತೇವ ಉಳಿದಿರುವುದು ಸಾಮಾನ್ಯ. ಆದ್ದರಿಂದ ಎರಡು–ಮೂರು ಅಂಗುಲ ಆಳದ ಮಣ್ಣನ್ನು ಮುಟ್ಟಿ ನೋಡಿ ನೀರು ಕೊಡಬೇಕು. ಪ್ರತಿದಿನ ಸ್ವಲ್ಪ ಸ್ವಲ್ಪ ನೀರು ಹಾಕಿದರೆ ಬೇರುಗಳು ಮೇಲ್ಪದರದಲ್ಲಿಯೇ ಉಳಿಯುತ್ತವೆ. ಕೆಲವು ದಿನಗಳಿಗೊಮ್ಮೆ ನಿಧಾನವಾಗಿ, ಆಳಕ್ಕೆ ಇಂಗುವಂತೆ ಕೊಡುವುದು ಮೇಲು. ಹನಿ ನೀರಾವರಿ ಅಥವಾ ತೂತು ಮಾಡಿದ ಮಡಿಕೆಯನ್ನು ಗಿಡದ ಪಕ್ಕದಲ್ಲಿ ಹೂಳುವ ವಿಧಾನ ಈ ಮಣ್ಣಿಗೆ ಹೊಂದುತ್ತದೆ.

ಬಿರುಕುಗಳು ಎಳೆಯ ಬೇರುಗಳನ್ನು ಹರಿಯುತ್ತವೆ, ಆಳದ ತೇವವನ್ನೂ ಆವಿಯಾಗಿಸುತ್ತವೆ. ಹೊಲದಲ್ಲಿ ಎಡೆ ಹೊಡೆದು ಬಿರುಕು ಮುಚ್ಚುವಂತೆ ಕೈತೋಟದಲ್ಲಿ ಕುರ್ಪಿಯಿಂದ ಮೇಲ್ಮಣ್ಣನ್ನು ಸಡಿಲಿಸಿ, ಒಣ ಎಲೆ, ಜೋಳದ ದಂಟಿನ ಚೂರು ಅಥವಾ ಕಡಲೆಯ ಹೊಟ್ಟನ್ನು ಎರಡು–ಮೂರು ಅಂಗುಲ ದಪ್ಪ ಹರಡಬೇಕು. ಮುಚ್ಚಿಗೆ ಕಾಂಡಕ್ಕೆ ತಾಗದಂತಿರಬೇಕು.

ಬೇಸಿಗೆಯಲ್ಲಿ ನೀರಿನ ಕೊರತೆಯಿರುವ ಊರುಗಳಲ್ಲಿ ಛಾವಣಿಯ ಮಳೆನೀರು ಉಪಯುಕ್ತ. 100 ಚದರ ಮೀಟರ್ ಛಾವಣಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 1,000 ಲೀಟರ್ ನೀರಾಗುತ್ತದೆ. ಸೋರಿಕೆ ಮತ್ತು ಆವಿ ಕಳೆದು ಸುಮಾರು 800 ಲೀಟರ್ ಸಂಗ್ರಹಿಸಬಹುದು. ಸೋಡಿಯಂ ಅಂಶ ಹೆಚ್ಚಿರುವ ಕೊಳವೆಬಾವಿಯ ನೀರನ್ನು ಸತತವಾಗಿ ಬಳಸಿದರೆ ಜೇಡಿಯ ಹರಳುಗಳು ಒಡೆದು ಮಣ್ಣು ಸವಳಾಗುತ್ತದೆ. ಇಂತಹ ಮಣ್ಣಿಗೆ ಮಾತ್ರ ಜಿಪ್ಸಂನಿಂದ ಪ್ರಯೋಜನವಿದ್ದು, ಅದರ ಪ್ರಮಾಣವನ್ನು ಮಣ್ಣು ಪರೀಕ್ಷೆಯ ಆಧಾರದ ಮೇಲೆ ನಿರ್ಧರಿಸಬೇಕು.

ಎಲೆ ಹಳದಿಯಾಗುವಿಕೆ

ಎಲೆ ಹಳದಿಯಾದೊಡನೆ ನೀರು ಅಥವಾ ಯೂರಿಯಾ ಹಾಕುವುದರಿಂದ ಗಿಡಕ್ಕೆ ಹಾನಿಯಾಗಬಹುದು. ಕಾರಣವನ್ನು ಎಲೆಯ ಸ್ಥಾನ ಮತ್ತು ಬಣ್ಣದಿಂದ ಗುರುತಿಸಬಹುದು.

- ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಮಣ್ಣಿಗೆ ಹಾಕಿದ ಕಬ್ಬಿಣದ ಲವಣ ಸುಣ್ಣದೊಡನೆ ಸೇರಿ ಬೇಗ ನಿರುಪಯುಕ್ತವಾಗುವುದರಿಂದ, ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಹಾಗೂ 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆ ಎಲೆಗಳಿಗೆ ಸಿಂಪಡಿಸಲಾಗುತ್ತದೆ.
- ಕೆಳಗಿನ ಹಳೆಯ ಎಲೆಗಳು ಮೊದಲು ಪೂರ್ತಿ ಹಳದಿಯಾದರೆ ಸಾರಜನಕದ ಕೊರತೆ. ಕಳಿತ ಗೊಬ್ಬರ ಅಥವಾ ಬೇವಿನ ಹಿಂಡಿ ನೀಡಬಹುದು.
- ಮಣ್ಣು ಹಸಿಯಾಗಿದ್ದರೂ ಎಲೆಗಳು ಹಳದಿಯಾಗಿ ಜೋತುಬಿದ್ದರೆ ಬೇರು ಉಸಿರುಗಟ್ಟಿದೆ. ನೀರು ನಿಲ್ಲಿಸಿ ಬಸಿಗಾಲುವೆ ತೆಗೆಯಬೇಕು.

ಕೀಟ ಮತ್ತು ರೋಗಗಳು

ಬದನೆಯ ಕುಡಿ ಮತ್ತು ಕಾಯಿ ಕೊರಕವು ಸಾಮಾನ್ಯ ಕೀಟ. ಬಾಡಿದ ಕುಡಿಗಳನ್ನು ಹುಳುವಿನ ಸಮೇತ ಚಿವುಟಿ ನಾಶಪಡಿಸುವುದು ಮೊದಲ ಕ್ರಮ. ಬೆಂಡೆಯ ಹಳದಿ ನರದ ನಂಜುರೋಗವನ್ನು ಬಿಳಿನೊಣ ಹರಡುತ್ತದೆ. ರೋಗ ತಗುಲಿದ ಗಿಡಗಳನ್ನು ಕಿತ್ತುಹಾಕಬೇಕು. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನಾಮಿಕ’ವು ಈ ರೋಗಕ್ಕೆ ನಿರೋಧಕವಾಗಿ ರೂಪಿಸಿದ ಬೆಂಡೆ ತಳಿ. ಮೆಣಸಿನ ಮುಟುರು ರೋಗಕ್ಕೆ ಥ್ರಿಪ್ಸ್ ನುಸಿ ಮತ್ತು ಮೈಟ್ ನುಸಿಗಳು ಕಾರಣ. ರಸ ಹೀರುವ ಕೀಟಗಳ ಆರಂಭಿಕ ಹತೋಟಿಗೆ 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ತುಸು ಸಾಬೂನು ಬೆರೆಸಿ ಸಿಂಪಡಿಸಬಹುದು.

ಬದನೆ, ಟೊಮ್ಯಾಟೊ ಮತ್ತು ಮೆಣಸಿನಕಾಯಿ ಒಂದೇ ಕುಟುಂಬಕ್ಕೆ ಸೇರಿರುವುದರಿಂದ ಸೊರಗು ರೋಗ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಒಂದೇ ಮಡಿಯಲ್ಲಿ ಇವುಗಳನ್ನು ಸತತವಾಗಿ ಬೆಳೆಯದೆ, ನಡುವೆ ಸೊಪ್ಪು ಅಥವಾ ದ್ವಿದಳ ಬೆಳೆಗಳನ್ನು ಹಾಕುವುದು ಒಳ್ಳೆಯದು.

ಕಟ್ಟಡಗಳ ಸಮೀಪದ ತೋಟ

ಎರೆಮಣ್ಣಿನ ಉಬ್ಬು–ಕುಗ್ಗುಗಳು ಮನೆಯ ಗೋಡೆ ಬಿರಿಯಲು ಕಾರಣವಾಗುತ್ತವೆ. ಅಡಿಪಾಯದ ಒಂದು ಬದಿಯಲ್ಲಿ ಮಾತ್ರ ದಿನವೂ ನೀರು ನಿಂತರೆ ಅಥವಾ ದೊಡ್ಡ ಮರದ ಬೇರುಗಳು ಒಂದು ಬದಿಯ ತೇವವನ್ನು ಹೀರಿದರೆ ನೆಲ ಅಸಮವಾಗಿ ಏರಿಳಿಯುತ್ತದೆ. ಆದ್ದರಿಂದ ಆಲ, ಅತ್ತಿ, ಅರಳಿಯಂತಹ ಮರಗಳನ್ನು ಮನೆಯ ಬಳಿ ನೆಡಬಾರದು. ಇತರ ಮರಗಳನ್ನೂ ಅವು ಬೆಳೆಯುವ ಎತ್ತರದಷ್ಟಾದರೂ ದೂರದಲ್ಲಿ ನೆಡುವುದು ಸುರಕ್ಷಿತ. ಗೋಡೆಗೆ ತಾಗಿದ ಜಾಗದಲ್ಲಿ ಮಡಿಯ ಬದಲು ಕುಂಡಗಳನ್ನಿಟ್ಟು, ಅಂಗಳದ ಇಳಿಜಾರು ಮನೆಯಿಂದ ಹೊರಗೆ ಇರುವಂತೆ ನೋಡಿಕೊಳ್ಳಬೇಕು.

ಮಾಹಿತಿ ಮತ್ತು ಮಣ್ಣು ಪರೀಕ್ಷೆ

1986ರಲ್ಲಿ ಸ್ಥಾಪನೆಯಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು 2008ರಲ್ಲಿ ಸ್ಥಾಪನೆಯಾದ ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಗಳು ಈ ಭಾಗದ ಬೆಳೆಗಳ ಕುರಿತು ಸಂಶೋಧನೆ ನಡೆಸುತ್ತವೆ. ಹೋಬಳಿ ಮಟ್ಟದಲ್ಲಿ ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರಗಳು ಮಾಹಿತಿ ನೀಡುತ್ತವೆ. ಪರೀಕ್ಷೆಗೆ ಮಣ್ಣು ತೆಗೆಯುವಾಗ ಗೊಬ್ಬರ ಹಾಕಿದ ಜಾಗ ಮತ್ತು ಬದುವಿನ ಅಂಚನ್ನು ಬಿಟ್ಟು, ಐದಾರು ಕಡೆ ಅರ್ಧ ಅಡಿ ಆಳದವರೆಗಿನ ಮಣ್ಣನ್ನು ಸಂಗ್ರಹಿಸಿ ಬೆರೆಸಬೇಕು. ಅದನ್ನು ನೆರಳಿನಲ್ಲಿ ಒಣಗಿಸಿ ಸುಮಾರು ಅರ್ಧ ಕೆ.ಜಿ. ಮಾದರಿ ಕೊಡಲಾಗುತ್ತದೆ. ಮಣ್ಣಿನ ರಸಸಾರ, ಲವಣಾಂಶ ಮತ್ತು ಸಾವಯವ ಇಂಗಾಲದ ಪ್ರಮಾಣ ತಿಳಿದರೆ ಅನಗತ್ಯ ಗೊಬ್ಬರದ ವೆಚ್ಚ ಉಳಿಯುತ್ತದೆ.