ಹೂಬಿಟ್ಟೊಡನೆ ಸುಗ್ಗಿಯಲ್ಲ

ರಾಯಚೂರು ಜಿಲ್ಲೆಯ ಸಂತೆಕಲ್ಲೂರು, 19ನೆಯ ಶತಮಾನದಲ್ಲಿ ‘ಕೃಷಿ ಜ್ಞಾನ ಪ್ರದೀಪಿಕೆ’ಯನ್ನು ರಚಿಸಿದ ಘನಮಠ ನಾಗಭೂಷಣ ಶಿವಯೋಗಿಗಳ ಊರು. ಜೋಳದ ತೆನೆ ಹೂಬಿಟ್ಟೊಡನೆ ಕುಡುಗೋಲು ಹಿಡಿಯುವ ರೈತನು ಆ ಸೀಮೆಯಲ್ಲಿಲ್ಲ. ಹಾಲುಗಾಳು ಬಲಿಯಬೇಕೆಂಬುದನ್ನು ಎಲ್ಲರೂ ಬಲ್ಲರು. ಆದರೆ ಮಗಳು ಮೈನೆರೆದೊಡನೆ ಆಕೆ ‘ದೊಡ್ಡವಳಾದಳು’ ಎಂದು ಆರತಿ ಬೆಳಗುವ ನಾವು, ಬೆಳವಣಿಗೆಯೇ ಮುಗಿದಂತೆ ಭಾವಿಸುತ್ತೇವೆ. ಇದು ಸರಿಯೆ?

ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಅಂಡಾಶಯಗಳನ್ನು ಪ್ರಚೋದಿಸಿದಾಗ ಈಸ್ಟ್ರೊಜನ್ ಎಂಬ ಹಾರ್ಮೋನು ಸ್ರವಿಸತೊಡಗುತ್ತದೆ. ಮೊದಲು ಸ್ತನಗಳು ಮೊಗ್ಗೊಡೆಯುತ್ತವೆ. ಅನಂತರ ಎತ್ತರವು ಭರದಿಂದ ಏರುತ್ತದೆ. ಇದಾದ ಮೇಲೆಯೇ, ಸಾಮಾನ್ಯವಾಗಿ 10ರಿಂದ 15 ವರ್ಷಗಳ ನಡುವೆ, ಮೊದಲ ಮುಟ್ಟು ಬರುತ್ತದೆ. ಅಲ್ಲಿಂದ ಮುಂದೆಯೂ ಹುಡುಗಿ ಕೆಲವು ಸೆಂಟಿಮೀಟರು ಬೆಳೆಯುತ್ತಾಳೆ. ಮೊದಲ ಒಂದೆರಡು ವರ್ಷ ಮುಟ್ಟು ಕ್ರಮ ತಪ್ಪುವುದು ಸಹಜ. ಪ್ರತಿ ತಿಂಗಳೂ ಅಂಡವು ಬಿಡುಗಡೆಯಾಗುವ ಕ್ರಮ ಆಗಿನ್ನೂ ನೆಲೆಗೊಂಡಿರುವುದಿಲ್ಲ.

ಒಂದೇ ತರಗತಿಯಲ್ಲಿ ಒಬ್ಬಳು ಬೇಗ ಬೆಳೆದು ನಾಚಿಕೆಯಿಂದ ಬೆನ್ನು ಬಾಗಿಸಿ ನಡೆದರೆ, ಇನ್ನೊಬ್ಬಳು ತನಗೇನೂ ಆಗಲಿಲ್ಲವೆಂದು ಕೊರಗುತ್ತಾಳೆ. ಇಬ್ಬರಲ್ಲಿಯೂ ದೋಷವಿಲ್ಲ; ಕಾಲಭೇದವಷ್ಟೆ. ಮುಖದ ಮೊಡವೆಯನ್ನು ಊರೆಲ್ಲ ನೋಡುತ್ತಿದೆಯೆಂಬ ಶಂಕೆಯೂ ಈ ವಯಸ್ಸಿನದೇ. ಅಮೆರಿಕದ ಮನೋವಿಜ್ಞಾನಿ ಡೇವಿಡ್ ಎಲ್ಕಿಂಡರು 1967ರಲ್ಲಿ ಇದನ್ನು ‘ಕಲ್ಪಿತ ಪ್ರೇಕ್ಷಕರು’ ಎಂದು ಕರೆದರು. ನೋಡುವ ಕಣ್ಣುಗಳು ಬಹುಪಾಲು ಮನಸ್ಸಿನೊಳಗೇ ಇರುತ್ತವೆ.

ಆದರೆ ಕೆಲವು ಚಿಂತೆಗಳು ಕಲ್ಪಿತವಲ್ಲ. ಶಾಲೆಯಲ್ಲಿ ಬಟ್ಟೆ ಬದಲಿಸಲು ಬಾಗಿಲುಳ್ಳ ಕೋಣೆಯೂ ನೀರೂ ಇಲ್ಲದಿದ್ದರೆ ಹುಡುಗಿ ಮನೆಯಲ್ಲಿಯೇ ಉಳಿಯುತ್ತಾಳೆ. ನಾಚಿಕೆಯಿಂದ ಕತ್ತಲೆಯ ಮೂಲೆಯಲ್ಲಿ ಹರವಿದ ಬಟ್ಟೆ ಸರಿಯಾಗಿ ಒಣಗುವುದಿಲ್ಲ. ಅದನ್ನು ಸಾಬೂನಿನಿಂದ ಒಗೆದು ಬಿಸಿಲಿನಲ್ಲಿಯೇ ಒಣಗಿಸಬೇಕು. ಬೆಳವಣಿಗೆಗೂ ಮುಟ್ಟಿನ ರಕ್ತನಷ್ಟಕ್ಕೂ ಕಬ್ಬಿಣಾಂಶ ಬೇಕಾದುದರಿಂದ ಸೊಪ್ಪು, ಕಾಳು, ಸಜ್ಜೆ ಊಟದಲ್ಲಿರಲಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯ ಉದ್ದೇಶವೂ ಇದೇ. ನೋವು ತಡೆಯಲಾಗದಿದ್ದರೆ, ರಕ್ತಸ್ರಾವ ವಿಪರೀತವಾದರೆ, ಅಥವಾ 15 ತುಂಬಿದರೂ ಮುಟ್ಟು ಬಾರದಿದ್ದರೆ ವೈದ್ಯರನ್ನು ಕಾಣಬೇಕು.

ಮುಟ್ಟು ಮೈಲಿಗೆಯಲ್ಲವೆಂದು 12ನೆಯ ಶತಮಾನದ ಶರಣರು ಸೂತಕಗಳನ್ನೇ ನಿರಾಕರಿಸಿದರು. ಹೆಣ್ಣಿನ ಮದುವೆಗೆ 18 ತುಂಬಿರಬೇಕೆಂದು 2006ರ ಬಾಲ್ಯವಿವಾಹ ನಿಷೇಧ ಕಾಯಿದೆ ಹೇಳುತ್ತದೆ. ವಿಜ್ಞಾನವು ತೋರಿಸುವುದೂ ಇದನ್ನೇ: ಮೊದಲ ಮುಟ್ಟು ಬೆಳವಣಿಗೆಯ ನಡುವಿನ ಒಂದು ಘಟ್ಟ, ಕೊನೆಯಲ್ಲ. ಆದುದರಿಂದ ಆ ದಿನ ಹುಡುಗಿಯ ಪುಸ್ತಕವನ್ನು ಅಟ್ಟಕ್ಕೇರಿಸಲು ಯಾವ ಕಾರಣವೂ ಇಲ್ಲ.